ಮಂಡಕ್ಕಿ ಭಟ್ಟಿಯ ಅಂಗಳದಲ್ಲಿ ಅಣ್ಣ

ಹೋದ ತಿಂಗಳು ನೆಂಟರ ಮನೆಯ ಮದುವೆಗೆಂದು ನ್ಯಾಮತಿಗೆ ಹೋಗಿದ್ದೆ. ಊಟ ಮುಗಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದು ಬರುವಾಗ ಒಂದು ಓಣಿಯ ಒಳಗಿನಿಂದ ಕಾದ ಮರಳಿನ ವಾಸನೆ ಬಂತು. ಬರೀ ಮರಳಿನದಲ್ಲ. ಉಪ್ಪುನೀರು ಸವರಿದ ಅಕ್ಕಿ ಆ ಮರಳಿಗೆ ಬಿದ್ದು ಅರಳುವಾಗ ಮಾತ್ರ ಏಳುವ, ಕೊಂಚ ಸೀದಂಥ, ಕೊಂಚ ಸಿಹಿಯಾದ ವಾಸನೆ. ಜೊತೆಯಲ್ಲಿದ್ದ ಸೊಸೆ, "ಬಸ್ಸಿಗೆ ಹೊತ್ತಾಗ್ತೈತೆ, ಬರ್ರಿ ಅತ್ತೆ" ಎಂದಳು. ನನ್ನ ಕಾಲು ಮುಂದೆ ಹೋಗಲಿಲ್ಲ. ಊರು ಈಗ ತಾಲ್ಲೂಕು ಕೇಂದ್ರ. ರಸ್ತೆ ತುಂಬ ಬೈಕುಗಳು. ನಾನು ಬಾಡಿಗೆಗಿದ್ದ ಮನೆಯ ಜಾಗದಲ್ಲಿ ಗೊಬ್ಬರದ ಅಂಗಡಿ ಎದ್ದಿದೆ. ಆದರೂ ಆ ವಾಸನೆಗೆ ಕಣ್ಣು ಮುಚ್ಚಿದರೆ ಓಣಿಯ ತುದಿಯ ಅಂಗಳ, ಅಲ್ಲಿ ಹರವಿದ ಭತ್ತ, ಭತ್ತದ ನಡುವೆ ಕಾಲೆಳೆದುಕೊಂಡು ನಡೆಯುವ ನಮ್ಮಣ್ಣ, ಎಲ್ಲ ಕಣ್ಣ ಮುಂದೆ ಬಂತು.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ನಾನು ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದಾದಿ. ಸುತ್ತಲಿನ ಹಳ್ಳಿಗಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು, ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ನನ್ನ ಹೆಸರು ಗಿರಿಜಾ ಎಂದು ಅನೇಕರಿಗೆ ಗೊತ್ತೇ ಇರಲಿಲ್ಲ. ನಮ್ಮೂರು ಜಗಳೂರಿನ ಕಡೆ. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದರು. ಊರಿನ ಮನೆಯಲ್ಲಿ ಅವ್ವ ಮತ್ತು ಅಣ್ಣ ಇಬ್ಬರೇ ಇದ್ದರು.

ಅಣ್ಣನ ಹೆಸರು ಮರುಳಸಿದ್ದಪ್ಪ. ನಮ್ಮ ಕಡೆ ಮನೆಗೊಬ್ಬ ಮರುಳಸಿದ್ದಪ್ಪ ಇರುತ್ತಾನೆ, ಅದು ದೇವರ ಹೆಸರು. ಆದರೆ ನಮ್ಮಣ್ಣನನ್ನು ಮಾತ್ರ ಊರ ಹುಡುಗರು ಹೆಸರಿನ ಮೊದಲರ್ಧ ಹಿಡಿದು ಕೂಗುತ್ತಿದ್ದರು. ಅದಕ್ಕೇ ಅವ್ವ ಸಿದ್ದಣ್ಣ ಎಂದು ಕರೆಯುವುದನ್ನು ರೂಢಿ ಮಾಡಿದಳು. ಅವನು ಹುಟ್ಟುವಾಗ ಬಹಳ ಕಷ್ಟವಾಯಿತಂತೆ, ಎಷ್ಟೋ ಹೊತ್ತು ಅಳಲೇ ಇಲ್ಲವಂತೆ. ಮುಂದೆ ನಡೆದದ್ದೂ ತಡ, ಮಾತು ಬಂದದ್ದೂ ತಡ. ಶಾಲೆಗೆ ಹೋದ, ಅಕ್ಷರ ಹತ್ತಲಿಲ್ಲ. ಒಂದು ಮಾತು ಹೇಳಿದರೆ ತಿಳಿಯುತ್ತಿತ್ತು. ಎರಡನ್ನು ಒಟ್ಟಿಗೆ ಹೇಳಿದರೆ ಗೊಂದಲವಾಗಿ ನಿಂತುಬಿಡುತ್ತಿದ್ದ. ಲೆಕ್ಕ ಬರದು, ಗಡಿಯಾರ ತಿಳಿಯದು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು. ಮೂವತ್ತು ದಾಟಿದ ಗಂಡಸನ್ನು ಅವ್ವ ದಿನವೂ ಮೀಸಿ, ತಲೆ ಬಾಚಿ, ರೊಟ್ಟಿಯನ್ನು ಮುರಿದು ತಟ್ಟೆಗೆ ಹಾಕುತ್ತಿದ್ದಳು. ಅವನಿಗೆ ಯಾವುದೂ ಕಷ್ಟವಾಗಬಾರದು ಎಂಬುದು ಅವಳ ಪ್ರೀತಿ.

ಆ ವರ್ಷ ಕಾರ್ತಿಕದಲ್ಲಿ ಅವ್ವ ಹೋದಳು. ಮಣ್ಣು ಹಾಕುವಾಗ ಅಣ್ಣ ಯಾರೂ ಹೇಳದೆ ಮುಂದೆ ಬಂದು ಎರಡೂ ಕೈ ತುಂಬ ಮಣ್ಣು ತುಂಬಿಕೊಂಡು ಮೆಲ್ಲಗೆ ಬಿಟ್ಟ. ಅವನಿಗೆ ತಿಳಿಯುತ್ತದೋ ಇಲ್ಲವೋ ಎಂದು ಅನುಮಾನಪಟ್ಟವರೆಲ್ಲ ಅವತ್ತು ಸುಮ್ಮನಾದರು. ಕಾರ್ಯಗಳೆಲ್ಲ ಮುಗಿದ ಮೇಲೆ ದೊಡ್ಡಪ್ಪ ನನ್ನನ್ನು ಕರೆದು ಕೂರಿಸಿಕೊಂಡರು.

"ಸಿದ್ದನ್ನ ಇಲ್ಲೇ ಬಿಟ್ಟು ಹೋಗವ್ವ. ಕುರಿ ಹಿಂದೆ ಅಡ್ಡಾಡ್ಕೊಂಡು ಇರ್ತಾನೆ. ಅವ್ನು ಉಣ್ಣೋ ರೊಟ್ಟಿ ನಮಗೇನು ಭಾರ ಅಲ್ಲ."

ದೊಡ್ಡಪ್ಪ ಕೆಟ್ಟವರಲ್ಲ. ಆದರೆ ಕುರಿ ತಪ್ಪಿಸಿಕೊಂಡರೆ ಆ ಮನೆಯಲ್ಲಿ ಅಣ್ಣನ ಗತಿ ಏನು ಎಂಬುದು ನನಗೆ ಗೊತ್ತಿತ್ತು. "ನಾನೇ ಕರ್ಕೊಂಡು ಹೋಗ್ತೀನಿ ದೊಡ್ಡಪ್ಪ" ಎಂದೆ.

"ನೀನು ನಾಳೆ ಮದ್ವಿ ಆಗೋಳು. ಇವನ್ನ ಕಟ್ಕೊಂಡು ಹೆಂಗೆ ಬಾಳ್ವೆ ಮಾಡ್ತೀ?"

"ನೋಡಾಣ" ಎಂದೆ. ಅದಕ್ಕಿಂತ ಹೆಚ್ಚಿನ ಯೋಚನೆ ನನ್ನಲ್ಲೂ ಇರಲಿಲ್ಲ. ಅಣ್ಣನ ಹತ್ತಿರ ಹೋಗಿ, "ನನ್ ಜೊತಿಗೆ ಬರ್ತೀಯೇನಣ್ಣ?" ಎಂದು ಕೇಳಿದೆ. ಅವನು ಒಳಗೆ ಹೋಗಿ ಅವ್ವ ಹೊದೆಯುತ್ತಿದ್ದ ಕೌದಿಯನ್ನು ಮಡಿಸದೆ ಕಂಕುಳಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

ನ್ಯಾಮತಿಯಲ್ಲಿ ನಾನಿದ್ದದ್ದು ಹಾಲಮ್ಮ ಎಂಬ ವಿಧವೆಯ ಮನೆಯ ಹಿಂದಿನ ಭಾಗದಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಕಟ್ಟೆ. ಹಾಲಮ್ಮನ ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋಗಿದ್ದರು. ಅವರು ಒಂದು ಎಮ್ಮೆ ಕಟ್ಟಿಕೊಂಡು, ಓಣಿಯವರಿಗೆ ಹಾಲು ಹಾಕಿಕೊಂಡು ಇದ್ದರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅಣ್ಣನನ್ನು ಕಂಡ ದಿನ ಮೇಲಿಂದ ಕೆಳಗಿನವರೆಗೆ ನೋಡಿ, "ಚಾ ಕುಡೀತಾನಾ?" ಎಂದಷ್ಟೇ ಕೇಳಿದರು.

ಮೊದಲ ತಿಂಗಳು ನಾನು ಅವ್ವ ಮಾಡುತ್ತಿದ್ದುದನ್ನೆಲ್ಲ ಮಾಡಿದೆ. ಬೆಳಗಾಗುವ ಮುಂಚೆ ಎದ್ದು ನೀರು ಕಾಸಿ, ಅವನಿಗೆ ಸ್ನಾನ ಮಾಡಿಸಿ, ಗುಂಡಿ ಹಾಕಿ, ರೊಟ್ಟಿ ಮುರಿದಿಟ್ಟು, ಆಮೇಲೆ ಕೆಲಸಕ್ಕೆ ಓಡುತ್ತಿದ್ದೆ. ಹೋಗುವಾಗ ಏನು ಹೇಳಿ ಹೋಗುತ್ತಿದ್ದೆನೋ ಅದನ್ನು ಅವನು ಹಾಗೇ ಪಾಲಿಸುತ್ತಿದ್ದ. ಒಂದು ದಿನ ಹಳ್ಳಿಯೊಂದರಲ್ಲಿ ಹೆರಿಗೆ ಎಂದು ಗಾಡಿ ಬಂದಿತ್ತು. ಅವಸರದಲ್ಲಿ, "ನಾ ಬರೋ ತನಕ ಇಲ್ಲೇ ಕಟ್ಟಿ ಮ್ಯಾಲೆ ಕುಂತಿರಣ್ಣ" ಎಂದು ಹೇಳಿ ಹೊರಟೆ. ಮಗು ಅಡ್ಡವಾಗಿತ್ತು, ತಡವಾಯಿತು. ಸಂಜೆ ಬಂದು ನೋಡಿದರೆ ಅವನು ಬೆಳಿಗ್ಗೆ ಕುಳಿತ ಜಾಗದಲ್ಲೇ ಕುಳಿತಿದ್ದ. ಮುಖ ಕೆಂಪಾಗಿ ತುಟಿ ಒಣಗಿತ್ತು. ಒಳಗೆ ಮುಚ್ಚಿಟ್ಟ ರೊಟ್ಟಿ ಹಾಗೇ ಇತ್ತು. ಹಾಲಮ್ಮ ಪಕ್ಕದಲ್ಲಿ ಕೊಡೆ ಮಡಚಿಟ್ಟುಕೊಂಡು ಕುಳಿತಿದ್ದರು.

"ಒಳಗೆ ಬಾ ಅಂದ್ರೆ ಬರ್ಲಿಲ್ಲ, ಉಣ್ಣು ಅಂದ್ರೆ ಉಣ್ಲಿಲ್ಲ" ಎಂದರು. "ತಂಗಿ ಹೇಳ್ಯಾಳೆ, ತಂಗಿ ಹೇಳ್ಯಾಳೆ, ಇದೊಂದೇ ಮಾತು. ಮಧ್ಯಾಹ್ನ ಬಿಸ್ಲಾಗೆ ಎಮ್ಮಿ ಬಿಟ್ಟು ನಿಮ್ಮಣ್ಣಂಗೆ ಕೊಡೆ ಹಿಡ್ಕೊಂಡು ನಿಂತಿದ್ದೆ."

ನನಗೆ ಅಳು ಬಂತು. ಅಣ್ಣ ಮಾತ್ರ ನನ್ನನ್ನು ಕಂಡು ನಕ್ಕು ಎದ್ದ. ನಾನು ಬಂದಾಯಿತಲ್ಲ. ಹಾಲಮ್ಮ ಆ ರಾತ್ರಿಯ ಅಡುಗೆ ತಮ್ಮಲ್ಲೇ ಎಂದು ಕೂರಿಸಿಕೊಂಡು ನೇರವಾಗಿ ಹೇಳಿದರು.

"ನೋಡು ನರ್ಸಮ್ಮ, ಬೇಜಾರು ಮಾಡ್ಕೋಬ್ಯಾಡ. ಅವ್ನು ಕೂಸಲ್ಲ. ಮೀಸಿ ಬಂದಾವೆ, ಕೈಕಾಲು ಗಟ್ಟಿ ಅದಾವೆ. ನಿಮ್ಮವ್ವ ಎಲ್ಲ ಮಾಡಿಕೊಟ್ಲು, ಈಗ ನೀ ಮಾಡಿಕೊಡ್ತೀ. ಅವ್ನು ಕಲಿಯೋದು ಯಾವಾಗ? ನಿಧಾನ ಆಗ್ತೈತೆ, ಆಗ್ಲಿ. ಎಮ್ಮಿ ಕರ ಹಾಕಾಕೂ ಹೊತ್ತು ಹಿಡೀತೈತೆ."

ಮರುದಿನದಿಂದ ಹಾಲಮ್ಮ ತಾವೇ ಮೇಷ್ಟರಾದರು. ಬಚ್ಚಲಿಗೆ ಕಳಿಸಿ ಹೊರಗೆ ನಿಂತು, "ತಲಿಗೆ ಹಾಕ್ಕೊಂಡ್ಯಾ? ಈಗ ಬೆನ್ನಿಗೆ" ಎಂದು ಒಂದೊಂದೇ ಹೇಳುವುದು. ರೊಟ್ಟಿ ಇಡಿಯದನ್ನೇ ಕೊಡುವುದು. ಮೊದಮೊದಲು ಅವನು ಇಡೀ ರೊಟ್ಟಿಯನ್ನು ನೋಡುತ್ತ ನನ್ನ ಮುಖ ನೋಡುತ್ತಿದ್ದ. ನಾನು ಕೈ ಕಟ್ಟಿಕೊಂಡು ಕೂರುವುದನ್ನು ಕಲಿಯಬೇಕಾಯಿತು. ಗುಂಡಿಯದೇ ದೊಡ್ಡ ಪಾಡು. ತಲೆಯ ಮೇಲಿಂದ ತೊಡುವ, ಗುಂಡಿಯಿಲ್ಲದ ಅಂಗಿ ಹೊಲಿಸಿ ತಂದೆ. ಅಣ್ಣ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟ.

"ಇದು ಬ್ಯಾಡ. ಗುಂಡಿದು ಬೇಕು."

"ಗುಂಡಿ ಹಾಕ್ಕೊಳ್ಳಾಕೆ ನಿಂಗೆ ಬರಂಗಿಲ್ಲಲ್ಲಣ್ಣ?"

"ಬರ್ತೈತೆ. ತಡಿ."

ಕೆಳಗಿನಿಂದ ಶುರು ಮಾಡಿದರೆ ತಪ್ಪುವುದಿಲ್ಲ ಎಂದು ಹಾಲಮ್ಮ ಹೇಳಿಕೊಟ್ಟರು. ಕಟ್ಟೆಯ ಮೇಲೆ ಕುಳಿತು ನಾಲಿಗೆ ಕಚ್ಚಿಕೊಂಡು ಹಾಕುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ. ಸಂಕ್ರಾಂತಿಯ ಬೆಳಿಗ್ಗೆ ಎಳ್ಳು ಬೀರಲು ಬಂದವರ ಮುಂದೆ ಎಲ್ಲ ಗುಂಡಿ ಹಾಕಿಕೊಂಡು ಎದೆ ಸೆಟೆಸಿ ನಿಂತ. ಬಂದ ಹೆಂಗಸರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಾನು ಮತ್ತು ಹಾಲಮ್ಮ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಓಣಿಯ ತುದಿಯಲ್ಲಿ ದಾದಾಪೀರ್ ಸಾಬರ ಮಂಡಕ್ಕಿ ಭಟ್ಟಿಯಿತ್ತು. ಭತ್ತವನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಗಿರಣಿಗೆ ಹಾಕಿಸಿ, ಆ ಅಕ್ಕಿಗೆ ಉಪ್ಪು ಸವರಿ, ಕಾದ ಮರಳಿನ ಬಾಣಲೆಯಲ್ಲಿ ಹುರಿಯುವರು. ಮಂಡಕ್ಕಿ ಅರಳುವ ಸದ್ದು ನಮ್ಮ ಕಟ್ಟೆಗೂ ಕೇಳುತ್ತಿತ್ತು. ಅಣ್ಣ ಆ ಸದ್ದಿಗೆ ಮನಸೋತು ದಿನವೂ ಅಂಗಳದ ಅಂಚಿನಲ್ಲಿ ಹೋಗಿ ನಿಲ್ಲತೊಡಗಿದ. ಹಾಲಮ್ಮನಿಗೆ ಹೇಳಿ ಹೋಗುತ್ತಾನೆ, ಉಣ್ಣುವ ಹೊತ್ತಿಗೆ ಬರುತ್ತಾನೆ ಎಂದು ನಾನೂ ಸುಮ್ಮನಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ಕೆಲಸ ಮುಗಿಸಿ ಬಂದರೆ ಕಟ್ಟೆ ಖಾಲಿ. ಹಾಲಮ್ಮನೂ ಮನೆಯಲ್ಲಿರಲಿಲ್ಲ. ಊಟದ ತಟ್ಟೆ ತೊಳೆದಿಟ್ಟಂತಿತ್ತು. ಗಾಬರಿಯಿಂದ ಓಣಿಯ ತುದಿಗೆ ಓಡಿದೆ. ಅಲ್ಲಿ ಅಂಗಳದ ತುಂಬ ಬೆಂದ ಭತ್ತ ಹರವಿತ್ತು. ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಅದರೊಳಗೆ ಈ ತುದಿಯಿಂದ ಆ ತುದಿಗೆ ಕಾಲು ಎಳೆಯುತ್ತ ನಡೆಯುತ್ತಿದ್ದ. ಅವನು ಹಾದುಹೋದಲ್ಲೆಲ್ಲ ಕೆಳಗಿನ ಹಸಿ ಭತ್ತ ಮೇಲೆ ಬಂದು, ಉಳುಮೆ ಮಾಡಿದ ಹೊಲದಂತೆ ಸಾಲು ಬೀಳುತ್ತಿತ್ತು. ಭತ್ತ ಸಮನಾಗಿ ಒಣಗಬೇಕಾದರೆ ಹೀಗೆ ಕಾಲಲ್ಲಿ ಕೆದಕುತ್ತಲೇ ಇರಬೇಕಂತೆ. ಬೆವರಿನಲ್ಲಿ ತೊಯ್ದಿದ್ದ. ನನ್ನನ್ನು ಕಂಡರೂ ನಿಲ್ಲಲಿಲ್ಲ.

ಸಿಟ್ಟು ಬಂದು ದಾದಾಪೀರ್ ಸಾಬರನ್ನು ಕೇಳಿದೆ: "ಇವನ್ನ ಕೆಲಸಕ್ಕೆ ಹಚ್ಚಾಕೆ ಯಾರು ಹೇಳಿದ್ರು ನಿಮಗೆ? ತಿಳೀದವನು ಅಂತ ಸುಮ್ನೆ ದುಡಿಸ್ಕೊಳ್ಳೋದಾ?"

ಅವರು ನಡುವಯಸ್ಸಿನ ತೆಳ್ಳಗಿನ ಮನುಷ್ಯ, ಮೆತ್ತಗೆ ಮಾತಾಡುವವರು. ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಹಚ್ಚಿಲ್ಲ ನರ್ಸಮ್ಮ, ಕೇಳ್ದೆ. ಎಷ್ಟು ದಿನ ಆತು, ನಿಂತು ನೋಡ್ತಾನೇ ಇದ್ರು. ಮಾಡ್ತೀರೇನ್ರಿ ಸಿದ್ದಣ್ಣ ಅಂದೆ. ಹೂಂ ಅಂದ್ರು. ಮಿಕ್ಕೋರಿಗೆ ಏನು ಕೂಲಿನೋ ಅವ್ರಿಗೂ ಅದೇ. ನಿಮಗೆ ಬ್ಯಾಡ ಅನ್ಸಿದ್ರೆ ಬ್ಯಾಡ. ಆದ್ರೆ ಒಂದು ಮಾತು ಅವ್ರನ್ನ ಕೇಳ್ರಿ."

ಅವ್ರು ಎಂದರೆ ಯಾರು ಎಂಬುದು ನನಗೆ ಒಂದು ಗಳಿಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಯಾರೂ ಅಣ್ಣನ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂಗಳದ ಕಡೆ ತಿರುಗಿ, "ಅಣ್ಣ, ಮನಿಗೆ ಹೋಗಾಣ್ವಾ?" ಎಂದೆ.

"ಇನ್ನೂ ಆಗಿಲ್ಲ" ಎಂದು ಅವನು ಇನ್ನೊಂದು ಸಾಲು ಹಿಡಿದ.

ಹೀಗೆ ಅಣ್ಣ ಭಟ್ಟಿಗೆ ಸೇರಿದ. ಬೆಳಿಗ್ಗೆ ನನಗಿಂತ ಮುಂಚೆ ಸ್ನಾನ ಮುಗಿಸಿ ಹೊರಟುನಿಲ್ಲುತ್ತಿದ್ದ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಬೇರೆಯವರಿಗೆ ಬೇಸರವಾದರೆ ಅವನಿಗೆ ಅದೇ ನೆಮ್ಮದಿ. ನಡುವೆ ಗುಬ್ಬಿಗಳನ್ನು ಓಡಿಸುವುದು, ಚೀಲ ಎತ್ತಿಕೊಡುವುದು. ಸಂತೆಯ ದಿನ ಕೂಲಿಯನ್ನು ಸಾಬರು ಅವನ ಕೈಗೇ ಕೊಡುತ್ತಿದ್ದರು. ಅದರಲ್ಲಿ ಅವನು ಮೊದಲು ಮಾಡುತ್ತಿದ್ದ ಖರ್ಚೆಂದರೆ ಮೆಣಸಿನಕಾಯಿ ಬಜ್ಜಿ. ಬಜ್ಜಿಯ ಅಂಗಡಿಯವರು ಚಿಲ್ಲರೆ ಸರಿಯಾಗಿ ಕೊಡುತ್ತಾರೋ ಎಂದು ನನಗೆ ಚಿಂತೆ. ಹಾಲಮ್ಮ ಒಂದು ಸಲ ಆ ಅಂಗಡಿಯ ಮುಂದೆ ನಿಂತು, "ಇವ್ನು ನಮ್ಮ ಮನಿಯೋನು" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ಬಂದರು. ಆಮೇಲೆ ಆ ಚಿಂತೆ ಉಳಿಯಲಿಲ್ಲ. ಕಟ್ಟೆಯ ಮೇಲೆ ಮೂವರೂ ಕುಳಿತು ಬಿಸಿ ಬಿಸಿ ಬಜ್ಜಿ, ಅವನೇ ತಂದ ಮಂಡಕ್ಕಿ ತಿನ್ನುತ್ತಿದ್ದ ಆ ಸಂಜೆಗಳಷ್ಟು ನಿರುಮ್ಮಳವಾದ ಸಂಜೆಗಳು ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ.

ಯುಗಾದಿಯಾಗಿ ಭರಣಿ ಮಳೆಯ ಕಾಲ ಬಂತು. ಒಂದು ಮಧ್ಯಾಹ್ನ ದಾದಾಪೀರ್ ಸಾಬರು ಸೌದೆ ನೋಡಲು ಹೊನ್ನಾಳಿಗೆ ಹೋಗುವಾಗ, "ನಾ ಬರೋ ತನಕ ಕೆದಕ್ತಾ ಇರ್ರಿ ಸಿದ್ದಣ್ಣ" ಎಂದು ಹೇಳಿ ಹೋಗಿದ್ದರು. ಭಟ್ಟಿಯ ಹೆಂಗಸರು ಊಟಕ್ಕೆ ಹೋಗಿದ್ದರು. ನೋಡನೋಡುತ್ತಿದ್ದಂತೆ ಮೋಡ ಕವಿದು, ಗಾಳಿ ಎದ್ದು, ದಪ್ಪ ಹನಿಯ ಮಳೆ ಸುರಿಯಿತು. ಹೆಂಗಸರು ಓಡಿ ಬರುವಷ್ಟರಲ್ಲಿ ಅಂಗಳದಲ್ಲಿ ನೀರು ನಿಂತು ಭತ್ತ ಮೋರಿಯ ಕಡೆ ಹರಿಯುತ್ತಿತ್ತು. ಅಣ್ಣ ಮಳೆಯಲ್ಲಿ ತೊಯ್ಯುತ್ತ, ನೀರಿನೊಳಗೆ ಕಾಲೆಳೆಯುತ್ತ, ಇನ್ನೂ ಕೆದಕುತ್ತಲೇ ಇದ್ದ.

"ಇಂಥವನ್ನ ಇಟ್ಕೊಂಡ್ರೆ ಭಟ್ಟಿ ಮುಚ್ಚಬೇಕಾಗ್ತೈತೆ" ಎಂದು ಒಬ್ಬಾಕೆ ಕೂಗಿದಳು. ಇನ್ನೊಬ್ಬಾಕೆ ನಮ್ಮೂರ ಹುಡುಗರಂತೆ ಮರುಳ ಎಂದೇ ಅಂದಳು. ಅಣ್ಣ ನಿಂತ. ಕೈಯಲ್ಲಿ ಬಾಚಿ ಬಾಚಿ ಮೋರಿಯ ಬಾಯಿಂದ ಭತ್ತ ತೆಗೆಯಲು ನೋಡಿದ. ಆಗಲಿಲ್ಲ. ತೊಯ್ದ ಬಟ್ಟೆಯಲ್ಲೇ ಮನೆಗೆ ಬಂದು ಅವ್ವನ ಕೌದಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಮರುದಿನ ಏಳಲಿಲ್ಲ. ಅಂಗಿ ಕೊಟ್ಟರೆ ತೊಡಲಿಲ್ಲ. "ನಂಗೆ ತಿಳಿಯಂಗಿಲ್ಲ" ಎಂದು ಒಂದೇ ಸಲ ಹೇಳಿದ. ನನಗೆ ಅವನನ್ನು ಭಟ್ಟಿಗೆ ಬಿಟ್ಟದ್ದೇ ತಪ್ಪಾಯಿತೇನೋ ಅನ್ನಿಸಿತು. ಮನೆಯಲ್ಲೇ ಇದ್ದಿದ್ದರೆ ಈ ಮಾತು ಕೇಳಬೇಕಾಗಿರಲಿಲ್ಲ. ಆದರೆ ಮನೆಯಲ್ಲೇ ಇದ್ದಿದ್ದರೆ ಏನಿರುತ್ತಿತ್ತು ಎಂದು ಯೋಚಿಸಿದರೆ ಬಿಸಿಲಿನ ಕಟ್ಟೆ ಕಣ್ಣಿಗೆ ಬರುತ್ತಿತ್ತು. ಯಾವ ಕಡೆಗೂ ಮನಸ್ಸು ನಿಲ್ಲಲಿಲ್ಲ.

ಒಂದೆರಡು ದಿನ ಬಿಟ್ಟು ಸಂಜೆ ದಾದಾಪೀರ್ ಸಾಬರು ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಅಣ್ಣನ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತರು.

"ತಪ್ಪು ನಂದು ಸಿದ್ದಣ್ಣ. ಕೆದಕ್ರಿ ಅಂದೆ. ಮಳಿ ಬಂದ್ರೆ ಏನು ಮಾಡ್ಬೇಕು ಅಂತ ಹೇಳ್ಳಿಲ್ಲ. ಹೇಳಿದ್ದನ್ನ ನೀವು ಬರೋಬ್ಬರಿ ಮಾಡೀರಿ. ನಾಳೆ ಬರ್ರಿ, ಮಳೀದು ಹೇಳಿಕೊಡ್ತೀನಿ. ಬೈದ ಹೆಣ್ಮಕ್ಕಳಿಗೂ ಹೇಳೀನಿ, ಆ ಮಾತು ನಮ್ಮ ಅಂಗಳದಾಗೆ ಇನ್ನೊಂದ್ಸಲ ಬರಂಗಿಲ್ಲ."

ಅಣ್ಣ ಕೌದಿಯೊಳಗಿಂದ ಒಂದು ಕಣ್ಣು ತೆರೆದು ನೋಡಿದ. "ಭತ್ತ ಹೋತು" ಎಂದ.

"ಹೋತು. ಮತ್ತೆ ತರ್ತೀವಿ."

ಮರುದಿನ ಬಿಸಿಲು ಕಾಯುತ್ತಿದ್ದ ಅಂಗಳದಲ್ಲಿ ಮಳೆಯ ಪಾಠ ಶುರುವಾಯಿತು. ಸಾಬರು ಆಕಾಶ ತೋರಿಸಿ, "ಅಲ್ಲಿ ಕರ್ರಗೆ ಆದ್ರೆ, ಅಥ್ವಾ ಒಂದು ಹನಿ ಕೈ ಮ್ಯಾಲೆ ಬಿದ್ರೆ, ಕೆದಕೋದು ಬಿಡ್ಬೇಕು, ರಾಶಿ ಮಾಡ್ಬೇಕು, ತಾಟು ಹೊದಿಸ್ಬೇಕು" ಎಂದರು. ತಾಟು ಎಂದರೆ ಗೋಣಿಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದ ದೊಡ್ಡ ಹೊದಿಕೆ. ಒಂದೊಂದನ್ನೇ ಮಾಡಿ ತೋರಿಸಿದರು. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಅವರು "ಮಳಿ ಬಂತು" ಎಂದು ಕೂಗುವುದು, ಅಣ್ಣ ಓಡಿ ಹೋಗಿ ರಾಶಿ ಮಾಡಿ ತಾಟು ಎಳೆಯುವುದು. ಬೈದಿದ್ದ ಹೆಂಗಸೇ ತನ್ನ ಕೈಯಿಂದ ನೀರು ಸಿಡಿಸಿ ಹನಿ ಬಿತ್ತೆಂದು ತೋರಿಸುತ್ತಿದ್ದಳು. ಓಣಿಯವರು ನಿಂತು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಆ ನಗುವಿನಲ್ಲಿ ಅವನನ್ನು ಹೊರಗಿಟ್ಟ ನಗು ಇರಲಿಲ್ಲ.

ರೋಹಿಣಿ ಮಳೆಯ ಮೊದಲ ಹನಿ ಬಿದ್ದ ದಿನ ಭಟ್ಟಿಯವರು ಒಳಗಿನಿಂದ ಹೊರಗೆ ಬರುವ ಮೊದಲೇ ರಾಶಿಯಾಗಿ, ತಾಟು ಮುಚ್ಚಿ, ಅದರ ನಾಲ್ಕು ಮೂಲೆಗೆ ಕಲ್ಲಿಟ್ಟು, ಅದರ ಮೇಲೆ ಅಣ್ಣ ತಾನೂ ಕುಳಿತಿದ್ದ. ಆಮೇಲಾಮೇಲೆ ಹದ್ದಿನ ನೆರಳು ಹಾದರೂ ತಾಟು ಹೊದಿಸುತ್ತಿದ್ದನೆಂದು ಸಾಬರು ಹೇಳಿ ನಗುತ್ತಿದ್ದರು. ಮಳೆಗಾಲ ಹಿಡಿದ ಮೇಲೆ ಒಳಗೆ ಮಂಡಕ್ಕಿಯಿಂದ ಮರಳು ಬೇರೆ ಮಾಡುವ ಜರಡಿಯ ಕೆಲಸವನ್ನೂ ಕಲಿತ.

ಆರಿದ್ರಾ ಮಳೆಯ ಹೊತ್ತಿಗೆ ನನಗೆ ಚನ್ನಗಿರಿಗೆ ವರ್ಗವಾಯಿತು. ಹೋಗಲೇಬೇಕು. ಸಂಜೆ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ.

"ಅಣ್ಣ, ನಾವು ಚನ್ನಗಿರಿಗೆ ಹೋಗ್ಬೇಕು. ಅಲ್ಲಿ ಮನಿ ನೋಡ್ತೀನಿ."

"ಅಲ್ಲಿ ಭಟ್ಟಿ ಐತಾ?"

"ಗೊತ್ತಿಲ್ಲ."

"ದಾದಾಪೀರಣ್ಣ ಬರ್ತಾನಾ? ಹಾಲಮ್ಮ?"

"ಇಲ್ಲಣ್ಣ, ಅವ್ರು ಹೆಂಗೆ ಬರ್ತಾರೆ."

ಅವನು ರೊಟ್ಟಿ ಮುರಿದು ಪಲ್ಯ ಹಚ್ಚಿ ನಿಧಾನಕ್ಕೆ ತಿಂದ. ಆಮೇಲೆ ಹೇಳಿದ. "ಹಂಗಾರೆ ನೀ ಹೋಗಿ ಬಾ."

"ಹೋಗಿ ಬರೋದಲ್ಲ. ಅಲ್ಲೇ ಇರೋದು."

"ನೀ ಅಲ್ಲಿರು. ನಾ ಇಲ್ಲಿರ್ತೀನಿ. ಕೆಲ್ಸ ಐತೆ."

ಅವನಿಗೆ ಅರ್ಥವಾಗಿಲ್ಲ ಎಂದುಕೊಂಡೆ. ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ನಾನು ಇರುವುದಿಲ್ಲ ಎಂದೆ. ಅಡುಗೆ ಮಾಡಿ ಹಾಕುವವಳು ಇರುವುದಿಲ್ಲ ಎಂದೆ. ಪ್ರತಿ ಸಲವೂ ಅದೇ ಉತ್ತರ. ಅರ್ಥವಾಗದಿದ್ದದ್ದು ನನಗೆ. ಅವನನ್ನು ನೋಡಿಕೊಳ್ಳಬೇಕೆಂದು ಕರೆತಂದವಳು ನಾನು, ಈಗ ಅವನು ನನ್ನನ್ನು ಕಳಿಸಿಕೊಡುತ್ತಿದ್ದಾನೆ. ಮನಸ್ಸಿಗೆ ನೋವಾಯಿತು. ಹೇಳಿಕೊಳ್ಳಲು ನಾಚಿಕೆಯೂ ಆಯಿತು.

ಹಾಲಮ್ಮ ಎಮ್ಮೆ ಕರೆಯುತ್ತಲೇ ಹೇಳಿದರು. "ಅವನ ಹೊಟ್ಟಿ ನಂಗೆ ಬಿಡು. ನಂಗೂ ಒಬ್ಳಿಗೆ ಅಡಿಗಿ ಮಾಡಿ ಮಾಡಿ ಸಾಕಾಗೈತೆ."

"ಜ್ವರ ಗಿರ ಬಂದ್ರೆ?"

"ಚನ್ನಗಿರಿ ಏನು ಕಾಶಿನಾ? ಹೇಳಿ ಕಳಿಸ್ತೀವಿ, ಬರ್ತೀಯ."

ಸುದ್ದಿ ತಿಳಿದು ಊರಿನಿಂದ ದೊಡ್ಡಪ್ಪ ಬಂದರು. "ತಿಳುವಳಿಕಿ ಇಲ್ದೋನ್ನ ಪರರ ಬಾಗ್ಲಾಗೆ ಬಿಟ್ಟು ಹೋದ್ಲು ಅಂತ ನಾಳೆ ಜನ ಆಡ್ಕಂತಾರೆ. ನಾ ಕರ್ಕೊಂಡು ಹೋಗ್ತೀನಿ" ಎಂದರು. ಅಣ್ಣ ಅವರ ಮಾತನ್ನೆಲ್ಲ ಕೇಳಿಸಿಕೊಂಡು, "ಬಾ ದೊಡ್ಡಪ್ಪ" ಎಂದು ಕೈ ಹಿಡಿದು ಭಟ್ಟಿಗೆ ಕರೆದುಕೊಂಡು ಹೋದ. ಹಿಂದೆ ನಾನೂ ಹೋದೆ. ಒಂದು ಚೀಲವನ್ನು ಒದರಿ ಹಾಸಿ ಅವರನ್ನು ಕೂರಿಸಿದ. ಗಡಿಗೆಯಿಂದ ನೀರು ತಂದುಕೊಟ್ಟ. ಆಗತಾನೆ ಅರಳಿದ ಮಂಡಕ್ಕಿಯನ್ನು ತನ್ನ ಜರಡಿಯಿಂದ ಮೊರಕ್ಕೆ ಸುರಿದು ಮುಂದಿಟ್ಟು, "ತಿನ್ನು. ನಂದು ಇನ್ನೂ ಸ್ವಲ್ಪ ಐತೆ" ಎಂದು ಕೆಲಸಕ್ಕೆ ತಿರುಗಿದ. ದೊಡ್ಡಪ್ಪ ಅವನು ಜರಡಿ ಆಡಿಸುವುದನ್ನು ಬಹಳ ಹೊತ್ತು ನೋಡುತ್ತ ಕುಳಿತರು.

ಬಸ್ಸು ಹತ್ತುವಾಗ ನನಗೆ ಹೇಳಿದರು: "ನಿಮ್ಮವ್ವ ಇದ್ದಾಗ ಇವ್ನು ಯಾರಿಗೂ ಒಂದು ಲೋಟ ನೀರು ಕೊಟ್ಟಿದ್ದು ನಾ ನೋಡಿರ್ಲಿಲ್ಲ. ಇಲ್ಲೇ ಇರ್ಲಿ ಬಿಡು. ಜನಕ್ಕೆ ನಾ ಹೇಳ್ಕೊತೀನಿ."

ಹಾಗೆ ನಾನೊಬ್ಬಳೇ ಚನ್ನಗಿರಿಗೆ ಹೋದೆ. ಕಷ್ಟವಾದದ್ದು ನನಗೆ. ಹೊಸ ಊರು, ಹೊಸ ಜನ, ಬಿಡದೆ ಹಿಡಿದ ಪುನರ್ವಸು ಮಳೆ. ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಹಿಟ್ಟು ಕಲಸುತ್ತಿದ್ದೆ. ಮೊದಲ ರಜೆ ಸಿಕ್ಕಿದ್ದೇ ನ್ಯಾಮತಿಗೆ ಓಡಿದೆ. ಅಣ್ಣ ಒಗೆಯುವ ಕಲ್ಲಿನ ಮೇಲೆ ತನ್ನ ಅಂಗಿ ಕುಕ್ಕುತ್ತಿದ್ದ. ತಲೆ ಎತ್ತಿ ನೋಡಿ, "ಯಾಕ್ ಬಂದೆ? ಹುಷಾರಿಲ್ವಾ?" ಎಂದ. ಹಾಲಮ್ಮ ಒಳಗಿನಿಂದ ಜೋರಾಗಿ ನಕ್ಕರು. ಅವನು ಮೈ ತುಂಬಿಕೊಂಡಿದ್ದ. ಕಾಲಿಗೆ ಒಂದು ಗಾಯವಾಗಿ ಅದಕ್ಕೆ ಅರಿಶಿನ ಹಚ್ಚಿದ್ದರು. ನಾನು ತೊಳೆದು ಮುಲಾಮು ಹಾಕಿ ಬಂದೆ. ಅದರ ಮೇಲೆ ನಾನು ಮಾಡಬೇಕಾದದ್ದೇನೂ ಅಲ್ಲಿರಲಿಲ್ಲ.

ಶ್ರಾವಣ ಬಂತು. ನಾಗರ ಪಂಚಮಿಗೆ ಇನ್ನೇನು ಎರಡು ದಿನವಿತ್ತು. ಚನ್ನಗಿರಿಯ ಆಸ್ಪತ್ರೆಯಲ್ಲಿ ನನ್ನ ಜೊತೆಯ ದಾದಿಯರೆಲ್ಲ ತವರಿಗೆ ಹೋಗುವ ಮಾತಿನಲ್ಲಿದ್ದರು. ಒಬ್ಬಳ ಅಣ್ಣ ಬಂದಾಗಿತ್ತು, ಇನ್ನೊಬ್ಬಳ ತಮ್ಮ ಬರುವವನಿದ್ದ. ಅವ್ವ ಹೋದ ಮೇಲೆ ನನಗೆ ತವರೆಲ್ಲಿಯದು ಎಂದು ನಾನೇ ಹಬ್ಬಕ್ಕೆ ಕೆಲಸ ಒಪ್ಪಿಕೊಂಡಿದ್ದೆ. ಬೆಳಿಗ್ಗೆ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದಾಗ ಆಯಾ ಬಂದು, "ನರ್ಸಮ್ಮ, ನಿಮ್ಮಣ್ಣ ಅಂತೆ, ಹೊರಗೆ ನಿಂತವ್ರೆ" ಎಂದಳು.

ಜಗುಲಿಯಲ್ಲಿ ಅಣ್ಣ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ. ಒಂದು ಕೈಯಲ್ಲಿ ಮಂಡಕ್ಕಿಯ ಚೀಲ, ಇನ್ನೊಂದರಲ್ಲಿ ಹಾಲಮ್ಮ ಕಟ್ಟಿಕೊಟ್ಟ ತಂಬಿಟ್ಟಿನ ಉಂಡೆಯ ಗಂಟು. ಹಿಂದೆ ಮುಂದೆ ನೋಡಿದೆ, ಜೊತೆಗೆ ಯಾರೂ ಇರಲಿಲ್ಲ. ದಾದಾಪೀರ್ ಸಾಬರು ಬಸ್ಸಿಗೆ ಹತ್ತಿಸಿ ಕಂಡಕ್ಟರಿಗೆ ಹೇಳಿದ್ದರಂತೆ. ಇಳಿದ ಮೇಲೆ ಅಣ್ಣ ಎದುರಿಗೆ ಸಿಕ್ಕವರನ್ನೆಲ್ಲ, "ದವಾಖಾನಿ ಎಲ್ಲೈತೆ? ನನ್ ತಂಗಿ ನರ್ಸಮ್ಮ" ಎಂದು ಕೇಳುತ್ತ ಬಂದಿದ್ದ.

"ಏನಣ್ಣ, ಹಿಂಗೆ ಒಬ್ನೇ?"

"ಪಂಚಮಿ ಐತಲ್ಲ. ಕರಿಯಾಕೆ ಬಂದೀನಿ. ನಡಿ."

ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋಗಿ, ಅಣ್ಣ ಹಬ್ಬಕ್ಕೆ ಕರೆಯಲು ಬಂದಿದ್ದಾರೆ, ರಜೆ ಬೇಕು ಎಂದೆ. ಅವರು ಕಿಟಕಿಯಿಂದ ಜಗುಲಿಯ ಕಡೆ ನೋಡಿ, "ಅಣ್ಣ ಬಂದ್ಮೇಲೆ ಇಲ್ಲ ಅನ್ನೋಕಾಗುತ್ತೇನ್ರಿ, ಹೋಗಿ ಬನ್ನಿ" ಎಂದರು.

ಮುಂದೆ ಎಷ್ಟೋ ಪಂಚಮಿಗಳು ಬಂದವು. ಎಂಬತ್ತರ ದಶಕದ ಮೊದಲಲ್ಲಿ ನನಗೆ ಸಂತೇಬೆನ್ನೂರಿನಲ್ಲಿ ಮದುವೆಯಾಯಿತು. ಅಲ್ಲಿಗೂ ಅಣ್ಣ ವರ್ಷ ವರ್ಷ ತಪ್ಪದೆ ಮಂಡಕ್ಕಿಯ ಚೀಲ ಹಿಡಿದು ಬಂದ. ನನ್ನ ಅತ್ತೆ, "ಗಿರಿಜನ ತವರು ಗಟ್ಟಿ ಐತೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹಾಲಮ್ಮ ಹೋದ ಮೇಲೆ ಅವರ ಮಗಳು ಆ ಕೋಣೆಯನ್ನು ಅಣ್ಣನಿಗೇ ಬಿಟ್ಟಳು. ಅವನು ಕಡೆಯವರೆಗೂ ನ್ಯಾಮತಿಯಲ್ಲೇ ಇದ್ದ, ಅಲ್ಲೇ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಅದೆಲ್ಲ ಆಮೇಲಿನ ಮಾತು. ಅವತ್ತು ಚನ್ನಗಿರಿಯ ನಿಲ್ದಾಣದಲ್ಲಿ ಬಸ್ಸು ತುಂಬಿ ತುಳುಕುತ್ತಿತ್ತು. ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ಮಕ್ಕಳು, ಕೊಬ್ಬರಿ ಬಟ್ಟಲಿನ ಗಂಟುಗಳು. ಅಣ್ಣ ಹೇಗೋ ನುಗ್ಗಿ ಒಂದು ಕಿಟಕಿಯ ಸೀಟು ಹಿಡಿದು ನನ್ನನ್ನು ಕೂರಿಸಿ ತಾನು ಪಕ್ಕದಲ್ಲಿ ನಿಂತ. ಕಂಡಕ್ಟರು ಬಂದು, ಅಣ್ಣನ ಮುಖ ಒಂದು ಸಲ ನೋಡಿ, ನನ್ನ ಕಡೆ ಬಾಗಿ ಟಿಕೀಟು ಕೇಳಿದ. ನಾನು ಚೀಲಕ್ಕೆ ಕೈ ಹಾಕಿದೆ.

ಅಣ್ಣ ನನ್ನ ಕೈ ಸರಿಸಿ, ಅಂಗಿಯ ಜೇಬಿನಿಂದ ಮಡಚಿದ ನೋಟು ತೆಗೆದು ಕಂಡಕ್ಟರಿಗೆ ಚಾಚಿದ.

"ನನ್ನ ಕೇಳ್ರಿ. ಎಲ್ಡು ಕೊಡ್ರಿ, ನ್ಯಾಮತಿ. ತಂಗಿನ್ನ ತವರಿಗೆ ಕರ್ಕೊಂಡು ಹೊಂಟೀನಿ."